ಮಿದುಳಿಗೆ ಕಾಂತ, ಮರೆವಿಗೆ ಮಾತು

ಮೊದಲು ಹೆಬ್ಬೆರಳು ಅಲುಗಬೇಕು. ಕುರ್ಚಿಗೆ ಒರಗಿ ಕುಳಿತ ರೋಗಿಯ ನೆತ್ತಿಯ ಪಕ್ಕಕ್ಕೆ, ಇಂಗ್ಲಿಷಿನ 8ರ ಆಕಾರದ ಸುರುಳಿಯೊಂದನ್ನು ತಾಗಿಸಿ ಹಿಡಿಯುತ್ತಾರೆ. ಗುಂಡಿ ಒತ್ತಿದರೆ 'ಟಕ್' ಎಂಬ ಸದ್ದು, ಅಷ್ಟೇ. ಸುರುಳಿಯನ್ನು ಕೂದಲೆಳೆಯಷ್ಟು ಸರಿಸಿ, ಶಕ್ತಿಯನ್ನು ತುಸು ಏರಿಸಿ, ಮತ್ತೆ ಒತ್ತುತ್ತಾರೆ. ಈ ಸಲ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎದುರು ಬದಿಯ ಕೈಯ ಹೆಬ್ಬೆರಳು ತನ್ನಷ್ಟಕ್ಕೆ ಜಗ್ಗುತ್ತದೆ. ಹತ್ತು ಸಲ ಒತ್ತಿದಾಗ ಐದು ಸಲವಾದರೂ ಬೆರಳು ಅಲುಗುವ ಕನಿಷ್ಠ ಶಕ್ತಿ ಎಷ್ಟೆಂದು ಗುರುತು ಹಾಕಿಕೊಳ್ಳುತ್ತಾರೆ. ಆ ವ್ಯಕ್ತಿಗೆ ಎಷ್ಟು ಪ್ರಮಾಣ ಕೊಡಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಮಾತ್ರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ, ಈ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹೆಬ್ಬೆರಳಿನ ಲೆಕ್ಕದಲ್ಲಿ ಕೊಡುತ್ತಾರೆ.

ಟಿಎಂಎಸ್ ಎಂದು ವೈದ್ಯರು ಕರೆಯುವ ಇದು ತಲೆಬುರುಡೆಯ ಹೊರಗಿನಿಂದಲೇ ಮಿದುಳಿಗೆ ಕೊಡುವ ಕಾಂತೀಯ ಪ್ರಚೋದನೆ. ಮನೆಯವರ ಬಾಯಲ್ಲಿ ಮಾತ್ರ 'ತಲೆಗೆ ಕರೆಂಟ್ ಕೊಡುವುದು'. ಆ ಮಾತಿನೊಳಗೆ ಹಳೆಯ ಭಯವೊಂದು ಕೂತಿದೆ. ಅರಿವಳಿಕೆ ಕೊಟ್ಟು, ವಿದ್ಯುತ್ ಹರಿಸಿ, ಬೇಕೆಂದೇ ಸೆಳವು ಬರಿಸುವ ಚಿಕಿತ್ಸೆ ಬೇರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮಾತಾಡುತ್ತಾರೆ, ಮುಗಿದ ಮೇಲೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಕೆಲವರಿಗೆ ತಲೆನೋವು ಬರುತ್ತದೆ. ಬಲು ಅಪರೂಪಕ್ಕೆ ಫಿಟ್ಸ್ ಬರುವುದುಂಟು. ತಲೆಯೊಳಗೆ ಲೋಹದ ತುಂಡು ಇರುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮೊದಲೇ ಹೇಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಖಿನ್ನತೆಗಾಗಿ. ದೊಡ್ಡ ಊರುಗಳ ಮನೋವೈದ್ಯರ ಬಳಿ ಈ ಯಂತ್ರ ಬಂದು ಕೂತಿರುವುದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ಯಂತ್ರ ಕಣ್ಣೆದುರಿಗೇ ಇದೆ ಎಂದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿ ಬರುತ್ತದೆ: ಅಪ್ಪನ ಮರೆವಿಗೂ ಇದನ್ನು ಕೊಡಿಸಬಹುದೇ?

ಪ್ರಶ್ನೆ ಕೇಳುವವರ ಕಣ್ಣಲ್ಲಿ ಎಷ್ಟು ಆಸೆ ಇರುತ್ತದೆಂದರೆ, ಉತ್ತರಿಸುವವರು ಎರಡು ಸಲ ಯೋಚಿಸಬೇಕು. ಅಲ್ಝೈಮರ್ ಕಾಯಿಲೆಗೆ ನಮ್ಮ ಅಂಗಡಿಗಳಲ್ಲಿ ಸಿಗುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಂಟೈನ್ ಮಾತ್ರೆಗಳು ಕಾಯಿಲೆಯ ಓಟವನ್ನು ನಿಲ್ಲಿಸುವುದಿಲ್ಲ, ಒಂದಿಷ್ಟು ದಿನ ಲಕ್ಷಣಗಳನ್ನು ಹಗುರ ಮಾಡುತ್ತವೆ. ಹಾಗಿರುವಾಗ ಹೊಸ ಯಂತ್ರವೊಂದು ಕಾಣಿಸಿಕೊಂಡರೆ ಯಾರಿಗಾದರೂ ಅದರ ಕಡೆ ಕೈಚಾಚಬೇಕೆನ್ನಿಸುತ್ತದೆ.

ಭೌತಶಾಸ್ತ್ರ ಇಲ್ಲಿ ಸರಳ. ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಫ್ಯಾರಡೆ 1831ರಲ್ಲೇ ತೋರಿಸಿದ್ದ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಆ ವಾಹಕದ ಜಾಗದಲ್ಲಿ ಮನುಷ್ಯನ ಮಿದುಳನ್ನು ಇಟ್ಟು ನೋಡಿದರು. ಮೂಳೆಯನ್ನು ಕಾಂತಕ್ಷೇತ್ರ ನೋವಿಲ್ಲದೆ ದಾಟುತ್ತದೆ. ತೊಡಕಿರುವುದು ಆಳದಲ್ಲಿ. ಸಾಮಾನ್ಯ ಸುರುಳಿಯ ಪ್ರಭಾವ ಎರಡು ಮೂರು ಸೆಂಟಿಮೀಟರಿಗೆ ಬಳಲಿಬಿಡುತ್ತದೆ. ಹೊಸ ನೆನಪುಗಳನ್ನು ಕಟ್ಟುವ, ಅಲ್ಝೈಮರ್ ಬಹು ಬೇಗ ಕೈಹಾಕುವ ಹಿಪ್ಪೊಕ್ಯಾಂಪಸ್ ಇರುವುದು ಅದಕ್ಕಿಂತ ಬಹಳ ಒಳಗೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೋಯೆಲ್ ವಾಸ್ ಅವರ ತಂಡ 2014ರಲ್ಲಿ ಇದಕ್ಕೊಂದು ಬಳಸುದಾರಿ ಹಿಡಿಯಿತು. ತಲೆಯ ಹಿಂಬದಿಯ ಎಡಪಕ್ಕದಲ್ಲಿ, ಹಿಪ್ಪೊಕ್ಯಾಂಪಸ್‌ನೊಂದಿಗೆ ನಿತ್ಯ ಸಂಪರ್ಕದಲ್ಲಿರುವ ಹೊರಪದರದ ಭಾಗವೊಂದನ್ನು ಹುಡುಕಿ, ಆರೋಗ್ಯವಂತ ಯುವಜನರಿಗೆ ಐದು ದಿನ ಅಲ್ಲಿ ಪ್ರಚೋದನೆ ಕೊಟ್ಟರು. ಮುಖವನ್ನೂ ಪದವನ್ನೂ ಜೋಡಿಸಿ ನೆನಪಿಡುವ ಪರೀಕ್ಷೆಯಲ್ಲಿ ಅವರ ಅಂಕ ಏರಿತು. ಒಳಮನೆಗೆ ಹೋಗಲಾಗದಿದ್ದರೂ ಜಗಲಿಯಲ್ಲಿ ನಿಂತು ಕರೆದರೆ ಒಳಗಿನವರಿಗೆ ಕೇಳಿಸುತ್ತದೆ ಎಂದಾಯಿತು.

ಇಸ್ರೇಲಿನ ನ್ಯೂರೋನಿಕ್ಸ್ ಕಂಪನಿ ಇದಕ್ಕೂ ಮೊದಲೇ ಇನ್ನೊಂದು ಹೆಜ್ಜೆ ಇಟ್ಟಿತ್ತು. ಪ್ರಚೋದನೆಯೊಂದನ್ನೇ ಕೊಟ್ಟು ಕಳಿಸಿದರೆ ನರಕೋಶಗಳು ಕೆಲಕಾಲ ಚುರುಕಾಗಿ ಮತ್ತೆ ತಣ್ಣಗಾಗುತ್ತವೆ. ಚುರುಕಾಗಿರುವ ಆ ಗಳಿಗೆಯಲ್ಲೇ ಅವಕ್ಕೆ ಕೆಲಸ ಕೊಟ್ಟರೆ? ಅವರ ಯಂತ್ರ ಆರು ಜಾಗಗಳನ್ನು ಆರಿಸಿಕೊಂಡಿತು: ಮಾತಾಡಿಸುವ ಬ್ರೋಕಾ ಭಾಗ, ಮಾತು ತಿಳಿಸುವ ವರ್ನಿಕೆ ಭಾಗ, ಯೋಜನೆ ಮತ್ತು ಗಮನಕ್ಕೆ ಬೇಕಾದ ಹಣೆಯ ಹಿಂದಿನ ಎಡಬಲ ಭಾಗಗಳು, ಜಾಗ ಮತ್ತು ಆಕಾರಗಳನ್ನು ಗುರುತಿಸುವ ಪಾರ್ಶ್ವದ ಎರಡು ಭಾಗಗಳು. ಎರಡು ಸೆಕೆಂಡಿನಲ್ಲಿ ಇಪ್ಪತ್ತು ಮಿಡಿತ. ಕೂಡಲೇ ಎದುರಿನ ಪರದೆಯಲ್ಲಿ ಅದೇ ಭಾಗಕ್ಕೆ ಸೇರಿದ ಪ್ರಶ್ನೆ. ಬ್ರೋಕಾಗೆ ಮಿಡಿತ ಕೊಟ್ಟಿದ್ದರೆ, ಪರದೆಯ ಮೇಲಿನ ವಾಕ್ಯಕ್ಕೆ ಅರ್ಥವಿದೆಯೋ ಇಲ್ಲವೋ ಹೇಳಬೇಕು. ಇಪ್ಪತ್ತು ನಲವತ್ತು ಸೆಕೆಂಡು ಕಳೆದ ಮೇಲೆ ಮತ್ತೆ ಮಿಡಿತ, ಮತ್ತೆ ಪ್ರಶ್ನೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, ಆರು ವಾರ. ಒಟ್ಟಿಗೆ ಮಿಡಿಯುವ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ ಎಂಬ ನರವಿಜ್ಞಾನದ ಹಳೆಯ ತತ್ವವೇ ಇದರ ಬುನಾದಿ. 2011ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದ್ದದ್ದು ಎಂಟು ರೋಗಿಗಳು. ಫಲಿತಾಂಶ ಉತ್ಸಾಹ ತರುವಂತಿತ್ತು.

ಎಂಟು ಜನರಿಂದ 131 ಜನರಿಗೆ ಹೋದಾಗ ಚಿತ್ರ ಮಸುಕಾಯಿತು. ಈ ದೊಡ್ಡ ಪ್ರಯೋಗದಲ್ಲಿ ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದು ಗುಂಪಿಗೆ ಸದ್ದು ಮಾತ್ರ ಬರುವ ಹುಸಿ ಚಿಕಿತ್ಸೆ. ಏಳನೇ ವಾರಕ್ಕೆ ಎರಡೂ ಗುಂಪುಗಳನ್ನು ಅಳೆಯಬೇಕೆಂದು ಮೊದಲೇ ಗೆರೆ ಎಳೆದಿದ್ದರು. ಅಳೆದಾಗ, ವ್ಯತ್ಯಾಸವಿದೆ ಎಂದು ಹೇಳುವಂತಿರಲಿಲ್ಲ. ಹನ್ನೆರಡನೇ ವಾರದಲ್ಲಿ, ಅದೂ ಕಾಯಿಲೆ ಇನ್ನೂ ಹಗುರವಾಗಿದ್ದವರನ್ನು ಮಾತ್ರ ಬೇರ್ಪಡಿಸಿ ನೋಡಿದಾಗ, ಒಳ್ಳೆಯದು ಕಾಣಿಸಿತು: ಎಪ್ಪತ್ತು ಅಂಕದ ಅಡಾಸ್-ಕಾಗ್ ಪರೀಕ್ಷೆಯಲ್ಲಿ ನಾಲ್ಕು ಅಂಕ ಅಥವಾ ಅದಕ್ಕೂ ಹೆಚ್ಚು ಸುಧಾರಿಸಿದವರು ನಿಜ ಚಿಕಿತ್ಸೆಯ ಗುಂಪಿನಲ್ಲಿ 31.7%, ಹುಸಿ ಗುಂಪಿನಲ್ಲಿ 15.4%. 2019ರ ಮಾರ್ಚ್ 21ರಂದು ಎಫ್‌ಡಿಎಯ ತಜ್ಞರ ಸಮಿತಿ ಇದನ್ನೆಲ್ಲ ಎದುರಿಟ್ಟುಕೊಂಡು ಕೂತಿತು. ಯಂತ್ರ ಅಪಾಯಕಾರಿಯಲ್ಲ ಎಂಬುದಕ್ಕೆ ಅವರ ತಕರಾರಿರಲಿಲ್ಲ; ಅದರಿಂದ ಪ್ರಯೋಜನವಿದೆ ಎಂಬುದು ಮಾತ್ರ ಅವರ ಮನಸ್ಸಿಗೆ ಒಪ್ಪಲಿಲ್ಲ. ಆ ಸಮಿತಿ ಕಠಿಣವಾಯಿತೆಂದು ನನಗೆ ಅನ್ನಿಸುವುದಿಲ್ಲ. ಮೊದಲು ಎಳೆದ ಗೆರೆಯನ್ನು ಮುಟ್ಟಲಾಗದೆ ಆಮೇಲೆ ಬೇರೆ ಗೆರೆ ತೋರಿಸಿದರೆ, ಆ ಎರಡನೇ ಗೆರೆಯನ್ನು ಇನ್ನೊಂದು ಪ್ರಯೋಗದಲ್ಲಿ ಮುಟ್ಟಿ ತೋರಿಸಬೇಕು. ಔಷಧಗಳಿಗೆ ಇರುವ ಈ ನಿಯಮ ಯಂತ್ರಗಳಿಗೂ ಇರಬೇಕು.

ಈ ಕ್ಷೇತ್ರದಲ್ಲಿ ನನಗೆ ಹೆಚ್ಚು ಭರವಸೆ ತಂದದ್ದು ರೋಮ್‌ನ ಸಾಂತಾ ಲೂಚಿಯಾ ಪ್ರತಿಷ್ಠಾನದ ಜಾಕೊಮೊ ಕೋಖ್ ಅವರ ಕೆಲಸ. ಅವರು ಆರು ಜಾಗ ಬಿಟ್ಟು ಒಂದೇ ಜಾಗ ಹಿಡಿದರು: ಪ್ರಿಕ್ಯೂನಿಯಸ್. ಎರಡೂ ಅರೆಗೋಳಗಳ ನಡುಸೀಳಿನಲ್ಲಿ, ನೆತ್ತಿಗಿಂತ ಹಿಂದೆ ಇರುವ ಈ ಭಾಗ ನಮ್ಮ ಬದುಕಿನ ನೆನಪುಗಳನ್ನು ಹೆಣೆಯುವ ಜಾಲಕ್ಕೆ ನಡುಗಂಬವಿದ್ದಂತೆ. ಎರಡು ವಾರ ದಿನವೂ, ಆಮೇಲೆ ಇಪ್ಪತ್ತೆರಡು ವಾರ ವಾರಕ್ಕೊಮ್ಮೆ ಪ್ರಚೋದನೆ. ಐವತ್ತು ರೋಗಿಗಳ ಈ ಪ್ರಯೋಗ 2022ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಬಂತು. ಇಪ್ಪತ್ನಾಲ್ಕು ವಾರದ ಕೊನೆಗೆ ಹುಸಿ ಗುಂಪಿನವರು ಎಂದಿನಂತೆ ಕೆಳಗಿಳಿದಿದ್ದರು, ನಿಜ ಗುಂಪಿನವರು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿದ್ದರು. ಅಲ್ಝೈಮರ್‌ನಲ್ಲಿ ಇದ್ದಲ್ಲೇ ನಿಲ್ಲುವುದೆಂದರೆ ಸಣ್ಣ ಮಾತಲ್ಲ: ಇನ್ನಾರು ತಿಂಗಳು ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಇನ್ನಾರು ತಿಂಗಳು ಮೊಮ್ಮಗುವನ್ನು ಹೆಸರು ಹಿಡಿದು ಕರೆಯುವುದು. ಆದರೂ ಐವತ್ತು ಐವತ್ತೇ. ಬೇರೆ ಊರುಗಳಲ್ಲಿ, ಬೇರೆ ಕೈಗಳಲ್ಲಿ, ನೂರಾರು ಜನರ ಮೇಲೆ ಇದೇ ಫಲ ಬರಬೇಕು.

ಮಿದುಳಿನೊಳಗೆ ತಂತಿ ಇಳಿಸುವ ದಾರಿಯೂ ಉಂಟು. ಟೊರಾಂಟೊದ ಶಸ್ತ್ರವೈದ್ಯ ಆಂದ್ರೆಸ್ ಲೊಜಾನೊ ಬೊಜ್ಜಿನ ರೋಗಿಯೊಬ್ಬರ ಹಸಿವನ್ನು ತಗ್ಗಿಸಲು ತಂತಿ ಇಟ್ಟಾಗ, ಆತನಿಗೆ ದಶಕಗಳ ಹಿಂದಿನ ಗೆಳೆಯರೊಂದಿಗಿನ ಒಂದು ದಿನ ಇದ್ದಕ್ಕಿದ್ದಂತೆ ಕಣ್ಣಮುಂದೆ ಬಂತು. 2008ರಲ್ಲಿ ವರದಿಯಾದ ಈ ಆಕಸ್ಮಿಕದಿಂದ, ಹಿಪ್ಪೊಕ್ಯಾಂಪಸ್‌ನಿಂದ ಹೊರಡುವ ಫಾರ್ನಿಕ್ಸ್ ಎಂಬ ನರಗಳ ಕಟ್ಟನ್ನು ಪ್ರಚೋದಿಸುವ ಯೋಚನೆ ಹುಟ್ಟಿತು. ಮುಂದೆ 42 ರೋಗಿಗಳ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಇನ್ನು ಸೆಕೆಂಡಿಗೆ ನಲವತ್ತು ಸಲ ಮಿನುಗುವ ಬೆಳಕು. ಎಂಐಟಿಯ ಲಿ-ಹುಯೆ ಸಾಯ್ ತಂಡ ಇಲಿಗಳ ಮಿದುಳಿನಲ್ಲಿ, ಅಲ್ಝೈಮರ್‌ನಲ್ಲಿ ಜಮೆಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನು ಇದರಿಂದ ತಗ್ಗಿತೆಂದು 2016ರಲ್ಲಿ ಹೇಳಿತು. 2023ರಲ್ಲಿ ಬೇರೊಂದು ತಂಡ ಅದನ್ನೇ ಮಾಡಿ ನೋಡಿ ತಮಗೆ ಹಾಗೆ ಕಾಣಲಿಲ್ಲ ಎಂದಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ಬಳಗ ಇದರ ಪಕ್ಕದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡಿತು. ಕಪ್ಪುಬಿಳಿ ಪಟ್ಟೆಗಳನ್ನು ನೋಡುವಾಗ ಮಿದುಳಿನಲ್ಲಿ ಏಳುವ, ಹೆಚ್ಚುಕಡಿಮೆ ಇದೇ ವೇಗದ ಗಾಮಾ ಅಲೆಗಳು ಮರೆವು ಶುರುವಾದ ಹಿರಿಯರಲ್ಲಿ ಅದೇ ವಯಸ್ಸಿನ ಇತರರಿಗಿಂತ ದುರ್ಬಲವಾಗಿರುತ್ತವೆ ಎಂದು 2021ರಲ್ಲಿ ಬೆಂಗಳೂರಿನ ಹಿರಿಯರನ್ನೇ ಪರೀಕ್ಷಿಸಿ ತೋರಿಸಿತು. ಇದು ಚಿಕಿತ್ಸೆಯಲ್ಲ, ಪತ್ತೆಯ ದಾರಿ. ನನ್ನ ಲೆಕ್ಕದಲ್ಲಿ ಸದ್ಯಕ್ಕೆ ಹೆಚ್ಚು ಬೆಲೆಬಾಳುವುದು ಅದೇ.

ನ್ಯೂರೋನಿಕ್ಸ್ ಮಾಡಿದಂಥ ಜೋಡಿ ಚಿಕಿತ್ಸೆಯಲ್ಲಿ ಪ್ರಚೋದನೆ ಅರ್ಧ, ಇನ್ನರ್ಧ ಮನಸ್ಸಿನ ವ್ಯಾಯಾಮ. ಇದರ ಹೆಸರಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಬುಟ್ಟಿಗೆ ತುಂಬುವುದರಿಂದ ಜನರಿಗೆ ಗೊಂದಲವಾಗುತ್ತದೆ. ಪರದೆಯ ಮುಂದೆ ಕೂತು ನೆನಪು, ಗಮನ, ವೇಗಗಳನ್ನು ಆಟದಂತೆ ಅಭ್ಯಾಸ ಮಾಡುವುದು ಒಂದು. ಅಮೆರಿಕದ 'ಆಕ್ಟಿವ್' ಅಧ್ಯಯನ 1998ರಿಂದ 2,802 ಹಿರಿಯರನ್ನು ಹಿಂಬಾಲಿಸಿ, ವೇಗದ ಅಭ್ಯಾಸ ಮಾಡಿದವರಲ್ಲಿ ಹತ್ತು ವರ್ಷಗಳಲ್ಲಿ ಬುದ್ಧಿಮಾಂದ್ಯದ (ಡಿಮೆನ್ಷಿಯಾ) ಸಾಧ್ಯತೆ ಕಡಿಮೆಯಿತ್ತು ಎಂದು ಕಂಡುಕೊಂಡಿತು. ಅವರೆಲ್ಲ ಶುರುವಿನಲ್ಲಿ ಆರೋಗ್ಯವಂತರಾಗಿದ್ದರು ಎಂಬುದನ್ನು ಮರೆಯಬಾರದು. ಕಾಯಿಲೆ ಬಂದವರಿಗೆ ಇಂಥ ಅಭ್ಯಾಸದಿಂದ ಸಣ್ಣ, ಕೆಲವು ತಿಂಗಳ ಲಾಭವಾಗಬಹುದೆಂದು 2019ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಮಿದುಳಿನ ಆಟಗಳ ಆ್ಯಪ್ ಮಾರುವ ಲುಮೋಸಿಟಿ ಕಂಪನಿ, ತನ್ನ ಆಟ ಮರೆವನ್ನು ತಡೆಯುತ್ತದೆಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟದ್ದಕ್ಕೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಎರಡನೆಯದು ಗುಂಪಿನಲ್ಲಿ ಕೂತು ಮಾಡುವ ಚಟುವಟಿಕೆ. ಲಂಡನ್ನಿನ ಏಮೀ ಸ್ಪೆಕ್ಟರ್ ಮತ್ತು ಮಾರ್ಟಿನ್ ಆರೆಲ್ ಅವರ ತಂಡ 2003ರಲ್ಲಿ 201 ಜನರ ಮೇಲೆ ಪರೀಕ್ಷಿಸಿದ ಕ್ರಮ ಇದು: ಏಳು ವಾರ, ವಾರಕ್ಕೆ ಎರಡು ಸಲ, ಒಟ್ಟು ಹದಿನಾಲ್ಕು ಕೂಟ, ಪ್ರತಿಯೊಂದು ಮುಕ್ಕಾಲು ಗಂಟೆ. ಇಲ್ಲಿ ಯಾರೂ ಯಾರನ್ನೂ 'ಇವತ್ತು ಯಾವ ತಾರೀಕು' ಎಂದು ಪರೀಕ್ಷೆ ಮಾಡುವುದಿಲ್ಲ. ಹಳೆಯ ಹಾಡು ಕೇಳಿಸಿ ಅಭಿಪ್ರಾಯ ಕೇಳುತ್ತಾರೆ, ಅಡುಗೆ ಸಾಮಾನು ಮುಟ್ಟಿ ಮೂಸಿ ಮಾತಾಡುತ್ತಾರೆ, ಸುದ್ದಿಯೊಂದನ್ನು ಹಿಡಿದು ಚರ್ಚೆ ಮಾಡುತ್ತಾರೆ. ಲಾಭ ದೊಡ್ಡದಲ್ಲ, ಆದರೆ ಮತ್ತೆ ಮತ್ತೆ ಮಾಡಿದರೂ ಮತ್ತೆ ಮತ್ತೆ ಕಾಣುತ್ತದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಇದನ್ನು ತಮಿಳಿಗೆ ಒಗ್ಗಿಸಿಕೊಂಡಿದೆ. ಮೂರನೆಯದು, ಮನೆಯ ಒಂದೆರಡು ಕೆಲಸಗಳನ್ನು ಆರಿಸಿಕೊಂಡು ಅವನ್ನು ಮತ್ತೆ ಕೈಗೆ ಹತ್ತಿಸುವ ಪುನಶ್ಚೇತನ. ಬ್ರಿಟನ್ನಿನ 475 ರೋಗಿಗಳ 'ಗ್ರೇಟ್' ಪ್ರಯೋಗದಲ್ಲಿ, ತಾವೇ ಆರಿಸಿಕೊಂಡ ಕೆಲಸದಲ್ಲಿ ಜನ ಸುಧಾರಿಸಿದರು. ಒಟ್ಟಾರೆ ನೆನಪಿನ ಅಂಕ ಮಾತ್ರ ಏರಲಿಲ್ಲ. ನನಗೆ ಇದು ಸೋಲೆಂದು ಕಾಣುವುದಿಲ್ಲ. ಫೋನ್ ಎತ್ತಿ ಮಗಳ ಜೊತೆ ಮಾತಾಡುವುದನ್ನು ಮತ್ತೆ ಕಲಿತ ತಾಯಿಗೆ ಅಂಕದಿಂದ ಆಗಬೇಕಾದ್ದೇನು?

ಸುರುಳಿಯನ್ನು ಇಸ್ರೇಲಿನಿಂದಲೋ ಇಟಲಿಯಿಂದಲೋ ಹಡಗಿನಲ್ಲಿ ತರಿಸಬಹುದು. ಹಾಡು, ಸಾಮಾನು, ಸುದ್ದಿ, ಮನೆಗೆಲಸ ಇವನ್ನು ತರಿಸಲಾಗುವುದಿಲ್ಲ. ಇವನ್ನು ರೋಗಿಯ ಭಾಷೆಯಿಂದ, ಬದುಕಿನಿಂದಲೇ ಹೆಕ್ಕಬೇಕು. ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಅಳೆಯುವ ಪರೀಕ್ಷೆಯನ್ನೂ ಹಾಗೆಯೇ. ಈ ಕೆಲಸದಲ್ಲಿ ಕೇರಳದ ಎರಡು ನಗರಗಳು ಮಾಡಿದ್ದನ್ನು ನಾವು ಕನ್ನಡಿಗರು ಗಮನವಿಟ್ಟು ನೋಡಬೇಕು.

ದೇಶದಲ್ಲಿ 2011ರ ಜನಗಣತಿಯ ವೇಳೆಗೆ ಅರವತ್ತು ದಾಟಿದವರು 8.6% ಇದ್ದರೆ ಕೇರಳದಲ್ಲಿ 12.6% ಇದ್ದರು. ಮಕ್ಕಳು ಗಲ್ಫಿನಲ್ಲೋ ಅಮೆರಿಕದಲ್ಲೋ, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು. ಆ ರಾಜ್ಯಕ್ಕೆ ಮರೆವು ಬೇಗ ಎದುರಾಯಿತು. ಕುನ್ನಂಕುಳಂನ ಡಾ. ಜೇಕಬ್ ರಾಯ್ 1992ರಲ್ಲಿ ಕಟ್ಟಿದ ಎಆರ್‌ಡಿಎಸ್‌ಐ, ಅಲ್ಝೈಮರ್ ರೋಗಿಗಳಿಗಾಗಿ ದೇಶದಲ್ಲಿ ಹುಟ್ಟಿದ ಮೊದಲ ಸಂಘಟನೆ. ಕೊಚ್ಚಿಗೆ ಹತ್ತಿರದ ತಿರುವಾಣಿಯೂರು ಪಂಚಾಯ್ತಿಯಲ್ಲಿ ಡಾ. ಎಸ್. ಶಾಜಿ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ಎಣಿಸಿದ ಲೆಕ್ಕ 1996ರಲ್ಲಿ ಪ್ರಕಟವಾಯಿತು. 1998ರಲ್ಲಿ ಅಲ್ಝೈಮರ್ ಸಂಘಟನೆಗಳ ಅಂತರರಾಷ್ಟ್ರೀಯ ಸಮ್ಮೇಳನ ಕೊಚ್ಚಿಯಲ್ಲಿ ನಡೆದಾಗ, ಅಲ್ಲಿ ಸೇರಿದ ಸಂಶೋಧಕರು '10/66' ಎಂಬ ಬಳಗ ಕಟ್ಟಿಕೊಂಡರು. ಜಗತ್ತಿನ ಬುದ್ಧಿಮಾಂದ್ಯ ರೋಗಿಗಳಲ್ಲಿ 66% ಬಡ ಮತ್ತು ಮಧ್ಯಮ ದೇಶಗಳಲ್ಲಿದ್ದಾರೆ, ಅವರ ಬಗ್ಗೆ ನಡೆದ ಸಮೀಕ್ಷೆ ಸಂಶೋಧನೆ 10% ಕೂಡ ಇಲ್ಲ ಎಂಬ ಸಂಕಟವನ್ನೇ ಅವರು ಹೆಸರಾಗಿ ಇಟ್ಟುಕೊಂಡರು. ಕ್ಯೂಬಾದಿಂದ ಚೀನಾದವರೆಗೆ ಕೆಲಸ ಮಾಡಿದ ಆ ಬಳಗದ ಬೇರು ಕೊಚ್ಚಿಯಲ್ಲಿದೆ.

ಕೊಚ್ಚಿ ನಗರದಲ್ಲೇ 65 ದಾಟಿದ 1,934 ಜನರನ್ನು ನೋಡಿ ಇದೇ ಶಾಜಿ ಮತ್ತು ಜೊತೆಗಾರರು 2005ರಲ್ಲಿ ಕೊಟ್ಟ ಲೆಕ್ಕ: ಸಾವಿರಕ್ಕೆ 33.6 ಜನರಿಗೆ ಬುದ್ಧಿಮಾಂದ್ಯ. ಅವರಲ್ಲಿ 54% ಅಲ್ಝೈಮರ್, 39% ರಕ್ತನಾಳಗಳ ತೊಂದರೆಯಿಂದ ಬಂದದ್ದು. ಈ 39%ರ ಮೇಲೆ ಬೆರಳಿಡಬೇಕು. ಮೇಲೆ ಹೇಳಿದ, ರೋಗಿಗಳ ಮೇಲಿನ ಸುರುಳಿಯ ಪ್ರಯೋಗಗಳು ನಡೆದಿರುವುದು ಅಲ್ಝೈಮರ್ ಇರುವವರ ಮೇಲೆ. ಸಣ್ಣ ಸಣ್ಣ ಪಾರ್ಶ್ವವಾಯುಗಳಿಂದ, ಹಿಡಿತಕ್ಕೆ ಸಿಗದ ಬಿಪಿ ಶುಗರ್‌ಗಳಿಂದ ಮಂಕಾದ ಮಿದುಳಿಗೆ ಮೊದಲು ಬೇಕಾದದ್ದು ಬಿಪಿ ಮಾತ್ರೆಯ ಶಿಸ್ತು. ಯಾವ ಬಗೆಯ ಮರೆವು ಎಂದು ತಿಳಿಯದೆ ತಲೆಗೆ ಕಾಂತ ಹಿಡಿಸುವುದು ದುಡ್ಡು ದಂಡ.

ಬಗೆ ತಿಳಿಯುವುದಕ್ಕೆ ಪರೀಕ್ಷೆ ಬೇಕು, ಅಲ್ಲಿಗೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಕತೆ ಬರುತ್ತದೆ. ಕೇಂಬ್ರಿಡ್ಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಯ ಹೆಸರಿನ 'ಎಸಿಇ' ಪರೀಕ್ಷೆ 2000ದಲ್ಲಿ ಪ್ರಕಟವಾದಾಗ ಆ ಲೇಖನದ ಮೊದಲ ಲೇಖಕ ಡಾ. ಪಿ.ಎಸ್. ಮಧುರನಾಥ್. ಅವರು ಶ್ರೀ ಚಿತ್ರಾದಲ್ಲಿ ಅದನ್ನು ಮಲಯಾಳಕ್ಕೆ ತಂದರು. 2004ರಲ್ಲಿ ಅದು ಹೊರಬಂತು. ಮುಂದೆ ಅವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಜನರ ಮನಸ್ಸಿಗೂ ಮರೆವು ಅಲ್ಲಿ ಮೊದಲೇ ಇಳಿಯಿತು: ಬ್ಲೆಸ್ಸಿ ನಿರ್ದೇಶನದ 'ತನ್ಮಾತ್ರ' ಚಿತ್ರದಲ್ಲಿ ಮೋಹನ್‌ಲಾಲ್ ಸೆಕ್ರೆಟರಿಯೇಟಿನ ನೌಕರನಾಗಿ ಮರೆವಿಗೆ ಜಾರುತ್ತ ಹೋದದ್ದನ್ನು ಕೇರಳ ಕಣ್ಣೀರಿಟ್ಟು ನೋಡಿದ್ದು 2005ರಲ್ಲಿ. ನಮ್ಮಲ್ಲಿ ಅನಂತನಾಗ್ ಅವರ ವೆಂಕೋಬರಾವ್ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಕಳೆದುಹೋಗಿ ಮನೆಮಾತಾದದ್ದು 2016ರಲ್ಲಿ.

ಪರೀಕ್ಷೆಯನ್ನು ಇನ್ನೊಂದು ಭಾಷೆಗೆ ತರುವುದೆಂದರೆ ಏನೆಂದು ಒಳಗೆ ಇಣುಕಿ ನೋಡೋಣ. ಇಂಗ್ಲಿಷ್ ಎಸಿಇಯಲ್ಲಿ 'ಪಿಂಟ್', 'ಡೋ', 'ಹೈಟ್' ಮುಂತಾದ ಪದಗಳನ್ನು ಓದಿಸುತ್ತಾರೆ. ಬರೆದಂತೆ ಉಚ್ಚರಿಸದ ಪದಗಳಿವು. ಅರ್ಥದ ನೆನಪು ಸವೆದವರು ಇವನ್ನು ಅಕ್ಷರ ಕೂಡಿಸಿ ತಪ್ಪಾಗಿ ಓದುತ್ತಾರೆ. ಬರೆದಂತೆಯೇ ಓದುವ ಮಲಯಾಳದಲ್ಲಿ, ಕನ್ನಡದಲ್ಲಿ ಈ ಪ್ರಶ್ನೆಗೆ ನೆಲೆಯೇ ಇಲ್ಲ. ಇನ್ನೊಂದು ಪ್ರಶ್ನೆ, ಒಂದು ನಿಮಿಷದಲ್ಲಿ 'ಪಿ' ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುವುದು. 'ಪ' ಎಂದರೆ ಪುಸ್ತಕ, ಪಾತ್ರೆ, ಪೇಟೆ ಎಲ್ಲ ಬರುತ್ತವೆಯೇ, ಕಾಗುಣಿತ ಬೇರೆಯಾದರೆ ಬೇರೆಯೇ? ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಅಕ್ಷರವೇ ಪರಕೀಯ. ಅವಳಿಗೆ 'ತರಕಾರಿ ಹೆಸರು ಹೇಳಿ' ಎಂದರೆ ಸಂತೆಯನ್ನೇ ಇಳಿಸುತ್ತಾಳೆ. ಮೂಲದಲ್ಲಿ ನೆನಪಿಡಬೇಕಾದ ವಿಳಾಸದಲ್ಲಿ ಮನೆ ನಂಬರು, ಬೀದಿ, ಕೌಂಟಿ ಇವೆ. ಕೇರಳದ ಹಳ್ಳಿಯಲ್ಲಿ ಮನೆಗೆ ಹೆಸರೇ ವಿಳಾಸ. ಹೀಗೆ ಒಂದೊಂದು ಪ್ರಶ್ನೆಯನ್ನೂ ಕಿತ್ತು ಕೂರಿಸಿ, ಆರೋಗ್ಯವಂತರ ಮೇಲೆ ಪ್ರಯೋಗಿಸಿ, ಓದು ಎಷ್ಟಿದ್ದರೆ ಎಷ್ಟು ಅಂಕ ಸಹಜ ಎಂದು ಗೊತ್ತುಪಡಿಸಬೇಕು. ಇಂಥ ತಯಾರಿ ಇದ್ದದ್ದರಿಂದಲೇ ಮಧುರನಾಥ್ ತಂಡ ತಿರುವನಂತಪುರದ ಹಿರಿಯರನ್ನು ಹತ್ತು ವರ್ಷ ಹಿಂಬಾಲಿಸಿ, 65 ದಾಟಿದವರಲ್ಲಿ ವರ್ಷಕ್ಕೆ ಸಾವಿರಕ್ಕೆ 15.5ರಷ್ಟು ಜನರಿಗೆ ಹೊಸದಾಗಿ ಅಲ್ಝೈಮರ್ ಬರುತ್ತದೆಂದು 2012ರಲ್ಲಿ ಹೇಳಲು ಸಾಧ್ಯವಾಯಿತು. ಎಸಿಇಯ ಮೂರನೇ ಆವೃತ್ತಿ ಈಗ ಕನ್ನಡವೂ ಸೇರಿ ಏಳು ಭಾಷೆಗಳಲ್ಲಿ ಸಿದ್ಧವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳ ಪೆಟ್ಟಿಗೆಯೂ ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆ ಕನ್ನಡದಲ್ಲಿದೆ.

ಇಷ್ಟಾದರೂ ಒಬ್ಬರು ಹೊರಗುಳಿಯುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ತೋಟದ ಅಜ್ಜರೊಬ್ಬರನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಹವ್ಯಕ ಕನ್ನಡ, ಆಳುಗಳ ಜೊತೆ ತುಳು, ಓದಿದ್ದು ಶಾಲೆಯ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳ. ಮರೆವು ಶುರುವಾದಾಗ 'ವಯಸ್ಸಾಯಿತಲ್ಲ, ಅರಳುಮರಳು' ಎಂದು ಎರಡು ವರ್ಷ ಕಳೆಯುತ್ತದೆ. ಆಮೇಲೆ ರೈಲು ಹತ್ತಿಸಿ ತಿರುವನಂತಪುರಕ್ಕೆ ಕರೆದೊಯ್ದರೆ ಅಲ್ಲಿ ಪರೀಕ್ಷೆ ಮಲಯಾಳದಲ್ಲಿ. ಅವರ ನಾಲ್ಕನೇ ಭಾಷೆ ಅದು. ಅಲ್ಲಿ ಕಡಿಮೆಯಾದ ಅಂಕದಲ್ಲಿ ಕಾಯಿಲೆಯ ಪಾಲೆಷ್ಟು, ಭಾಷೆಯ ಪಾಲೆಷ್ಟು? ಮರೆವು ಬೆಳೆದಂತೆ ಕೊನೆಗೆ ಕಲಿತ ಭಾಷೆಗಳ ಹಿಡಿತ ಸಡಿಲವಾಗುವುದು ಹಲವರಲ್ಲಿ ಕಾಣುವ ಸಂಗತಿ. ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನ 648 ರೋಗಿಗಳನ್ನು ನೋಡಿ 2013ರಲ್ಲಿ ಹೇಳಿದ ಮಾತೂ ಇಲ್ಲಿ ನೆನಪಾಗುತ್ತದೆ: ಎರಡು ಭಾಷೆ ಬಲ್ಲವರಿಗೆ ಬುದ್ಧಿಮಾಂದ್ಯದ ಲಕ್ಷಣಗಳು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ನಾಲ್ಕು ಭಾಷೆಯ ಬದುಕೇ ಅಜ್ಜನನ್ನು ಇಷ್ಟು ವರ್ಷ ಕಾದಿರಬಹುದು. ಅದೇ ಭಾಷಾಸಂಪತ್ತು ಆಸ್ಪತ್ರೆಯ ಮೇಜಿನಲ್ಲಿ ಅವರಿಗೆ ಎದುರಾಗಬಾರದು.

ಇದೇ ಅಜ್ಜನ ಮುಂದೆ ಒಂದು ರಾಶಿ ಸುಲಿದ ಚಾಲಿ ಅಡಿಕೆ ಸುರಿದು ನೋಡಿ. ಬೆಳಗ್ಗೆ ತಿಂಡಿ ತಿಂದದ್ದು ನೆನಪಿಲ್ಲದಿದ್ದರೂ ಬೆರಳುಗಳು ಪಟೋರವನ್ನು ಒಂದು ಕಡೆ, ಉಳ್ಳಿಯನ್ನು ಒಂದು ಕಡೆ, ಕರಿಗೋಟನ್ನು ಇನ್ನೊಂದು ಕಡೆ ಬೇರ್ಪಡಿಸತೊಡಗುತ್ತವೆ. ಕೈಗೆ ಹತ್ತಿದ ಕಸುಬಿನ ನೆನಪು ಹಿಪ್ಪೊಕ್ಯಾಂಪಸ್‌ನ ಹಂಗಿನಲ್ಲಿಲ್ಲ. ಅದು ಮಿದುಳಿನ ಬೇರೆ ಭಾಗಗಳಲ್ಲಿ ನೆಲೆಸಿ ಬಹಳ ಕಾಲ ಉಳಿಯುತ್ತದೆ. ಬಣ್ಣ ನೋಡಬೇಕು, ತೂಕ ಅಂದಾಜಿಸಬೇಕು, ಗುಂಪು ಮಾಡಬೇಕು, ಹಿಂದಿನ ವರ್ಷದ ಧಾರಣೆಯ ಬಗ್ಗೆ ಪಕ್ಕದವರೊಡನೆ ಒಂದು ಮಾತಾಡಬೇಕು. ಪರದೆಯ ಮೇಲೆ ತ್ರಿಕೋನ ಚೌಕಗಳನ್ನು ಬೇರ್ಪಡಿಸುವ ಆಟಕ್ಕಿಂತ ಇದು ಯಾವ ರೀತಿಯಲ್ಲೂ ಕೀಳಲ್ಲ. ಕನ್ನಡದಲ್ಲಿ, ತುಳುವಿನಲ್ಲಿ ಗುಂಪು ಚಟುವಟಿಕೆಯ ಕೈಪಿಡಿ ಬರೆಯುವವರು ಇಂಥವನ್ನು ಊರೂರಿನಿಂದ ಕೂಡಿಹಾಕಬೇಕು: ಯಕ್ಷಗಾನದ ಪದ, ಭತ್ತದ ತಳಿಗಳ ಹೆಸರು, ಮಲ್ಲಿಗೆ ಕಟ್ಟುವುದು, ಸೊಪ್ಪಿನ ತಂಬುಳಿ.

ಹಾಗಾದರೆ ಸುರುಳಿ ಬೇಡವೇ? ಬೇಡ ಎನ್ನಲಾರೆ. ಕೋಖ್ ಅವರ ಫಲಿತಾಂಶ ಗಟ್ಟಿಯಾಗಿ ನಿಂತರೆ ಮೊದಲು ಸಂತೋಷಪಡುವವರಲ್ಲಿ ನಾನೂ ಒಬ್ಬ. ನೈತಿಕ ಸಮಿತಿಯ ಒಪ್ಪಿಗೆ ಪಡೆದ, ದುಡ್ಡು ಕೇಳದ ಪ್ರಯೋಗಕ್ಕೆ ಯಾರಾದರೂ ಕರೆದರೆ, ಕಾಯಿಲೆ ಮೊದಲ ಹಂತದಲ್ಲಿದ್ದರೆ, ಹೋಗುವುದು ಒಳ್ಳೆಯದೇ. ಮೂವತ್ತು ಸಿಟ್ಟಿಂಗಿಗೆ ಇಷ್ಟು ಎಂದು ಪ್ಯಾಕೇಜ್ ಹೇಳುವವರ ಬಳಿ ಹೋದಾಗ ಮಾತ್ರ ಕೇಳಬೇಕು: ಮರೆವಿನ ಬಗೆ ಯಾವುದೆಂದು ಹೇಗೆ ತಿಳಿದಿರಿ, ತಲೆಯ ಯಾವ ಜಾಗಕ್ಕೆ ಕೊಡುತ್ತೀರಿ, ಮೊದಲೂ ಆಮೇಲೂ ಯಾವ ಭಾಷೆಯಲ್ಲಿ ಅಳೆಯುತ್ತೀರಿ? ಈ ಮೂರಕ್ಕೂ ನೇರ ಉತ್ತರ ಬರದಿದ್ದರೆ ಆ ಹಣವನ್ನು ಮನೆಯಲ್ಲಿ ನೋಡಿಕೊಳ್ಳುವವರ ನೆರವಿಗೆ ಇಡುವುದು ಮೇಲು. ರೋಗಿಯ ದಿನ ಹೇಗೆ ಕಳೆಯುತ್ತದೆಂಬುದು ಬಹುಪಾಲು ಆ ಒಬ್ಬ ಸೊಸೆಯ, ಹೆಂಡತಿಯ, ಮಗಳ ನಿದ್ದೆಯ ಮೇಲೆ ನಿಂತಿದೆ. ಗೋವಾದಲ್ಲಿ 81 ಕುಟುಂಬಗಳ ಮನೆಗೆ ತರಬೇತಾದ ಸ್ಥಳೀಯರನ್ನು ಕಳಿಸಿ ನಡೆಸಿದ ಪ್ರಯೋಗದಲ್ಲಿ ನೋಡಿಕೊಳ್ಳುವವರ ಮನೋವೇದನೆ ತಗ್ಗಿತೆಂದು 2008ರಲ್ಲಿ ವರದಿಯಾಗಿದೆ.

ಕೇರಳ ಸರ್ಕಾರ 2014ರಲ್ಲಿ ಎಆರ್‌ಡಿಎಸ್‌ಐ ಜೊತೆ ಸೇರಿ 'ಸ್ಮೃತಿಪಥಂ' ಶುರುಮಾಡಿ ಹಗಲು ಆರೈಕೆ ಕೇಂದ್ರ, ಪೂರ್ಣಕಾಲದ ಕೇಂದ್ರ ತೆರೆಯಿತು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ನರವಿಜ್ಞಾನ ಕೇಂದ್ರ, ಎರ್ನಾಕುಲಂ ಜಿಲ್ಲಾಡಳಿತದ ಜೊತೆ 'ಬೋಧಿ' ಎಂಬ ಹೆಸರಲ್ಲಿ ಮರೆವಿನವರನ್ನು ಅರಿತು ನಡೆಯುವ ಜಿಲ್ಲೆಯನ್ನು ಕಟ್ಟಲು ಹೊರಟಿದೆ. ಕರ್ನಾಟಕದಲ್ಲಿ ನಿಮ್ಹಾನ್ಸ್ ನೆರವಿನ ಮಿದುಳು ಆರೋಗ್ಯ ಯೋಜನೆ 2022ರಲ್ಲಿ ಶುರುವಾಗಿದೆ. ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ.

ತ್ರಿಶೂರಿನಲ್ಲಿ ಇನ್ನೊಬ್ಬ ಶಾಜಿ, ಡಾ. ಕೆ.ಎಸ್. ಶಾಜಿ ಅವರ ತಂಡ 2002ರಲ್ಲಿ ವರದಿ ಮಾಡಿದ ಕೆಲಸ ಇವೆಲ್ಲಕ್ಕಿಂತ ಚಿಕ್ಕದು, ಅಗ್ಗದ್ದು. ಸಮುದಾಯದ ಆರೋಗ್ಯ ಕಾರ್ಯಕರ್ತೆಯರಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟು, ನಿಮ್ಮ ಸುತ್ತಿನ ಮನೆಗಳಲ್ಲಿ ಮರೆವಿನ ಕಾಯಿಲೆ ಇರಬಹುದಾದವರನ್ನು ಗುರುತಿಸಿ ಎಂದರು. ಅವರು ಗುರುತಿಸಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರಿಗೆ ನಿಜವಾಗಿಯೂ ಕಾಯಿಲೆ ಇತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಆಶಾ ಕಾರ್ಯಕರ್ತೆಯರು ಮನೆಮನೆಯ ಜಗಲಿಯಲ್ಲಿ ಕನ್ನಡವನ್ನೂ ತುಳುವನ್ನೂ ಮಲಯಾಳವನ್ನೂ ದಿನವೂ ಆಡುತ್ತಾರೆ. ಅದೇ ತರಬೇತಿಯನ್ನು ಅವರಿಗೆ ಆ ಮೂರೂ ಭಾಷೆಗಳಲ್ಲಿ ಕೊಡಲು ಸುರುಳಿಯೂ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.